ಅಡುಗೆಮನೆಗೆ ಅನಿಲ ಬಂತು, ಬಚ್ಚಲ ಹಂಡೆಗೆ ಕಟ್ಟಿಗೆಯೇ ಉಳಿಯಿತು

ಮುಂಡಗೋಡ: ಮನೆಯೊಂದಕ್ಕೆ ಅಡುಗೆ ಅನಿಲದ ಸಂಪರ್ಕ ದೊರೆತ ದಿನವೇ ಆ ಮನೆ ಹೊಗೆಯಿಂದ ಮುಕ್ತವಾಯಿತೆಂದು ಸರ್ಕಾರಿ ಕಡತಗಳು ನಂಬುತ್ತವೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಊರುಗಳಲ್ಲಿ ನಸುಕಿನಲ್ಲಿ ಅಡ್ಡಾಡಿದವರಿಗೆ ಈ ನಂಬಿಕೆ ಅರ್ಧಸತ್ಯವೆಂಬುದು ಬೇಗನೆ ತಿಳಿಯುತ್ತದೆ. ಅಡುಗೆಮನೆಯ ಬೆಳಕಿಂಡಿ ಶುಭ್ರವಾಗಿರುತ್ತದೆ. ಹಿತ್ತಲ ಬಚ್ಚಲುಮನೆಯ ಹಂಚಿನ ಸಂದಿಯಿಂದ ಮಾತ್ರ ಹೊಗೆ ಏಳುತ್ತಿರುತ್ತದೆ. ಒಳಗೆ ಮಣ್ಣಿನ ಕಟ್ಟೆಯಲ್ಲಿ ಕುಳಿತ ಹಂಡೆಯ ಕೆಳಗೆ, ಅಜ್ಜಿಯ ಕಾಲದಲ್ಲಿ ಉರಿಯುತ್ತಿದ್ದ ಹಾಗೆಯೇ ಕಟ್ಟಿಗೆ ಉರಿಯುತ್ತಿರುತ್ತದೆ.

ಮುಂಡಗೋಡ ತಾಲ್ಲೂಕಿನಲ್ಲಿ ಈ ಪ್ರಶ್ನೆ ಕೇವಲ ಅಭ್ಯಾಸದ ಪ್ರಶ್ನೆಯಲ್ಲ. ಪಶ್ಚಿಮದಲ್ಲಿ ದಟ್ಟ ಮಲೆನಾಡು, ಪೂರ್ವದಲ್ಲಿ ಶಿಗ್ಗಾವಿ, ಹಾನಗಲ್ಲ, ಕಲಘಟಗಿಯ ಬಯಲು. ನಡುವೆ ಸಿಕ್ಕಿಕೊಂಡ ಈ ತಾಲ್ಲೂಕಿನ ಬಹುಪಾಲು ಹಳ್ಳಿಗಳು ಕಾಡಿನ ಅಂಚಿನವು. ಸಿದ್ದಿಗಳು, ಗೌಳಿಗಳು, ಲಂಬಾಣಿಗರು, ಸಣ್ಣ ಭತ್ತದ ರೈತರು ಇಲ್ಲಿನ ಜನ. ಜಿಲ್ಲೆಯ ಭೂಭಾಗದಲ್ಲಿ ಸುಮಾರು ಶೇ 80ರಷ್ಟು ಅರಣ್ಯವೆಂದು ಹೇಳುವ ಲೆಕ್ಕ ಹೊರಗಿನವರಿಗೆ ಹೆಮ್ಮೆಯ ಅಂಕಿ. ಇಲ್ಲಿನವರಿಗೆ ಅದು ಮನೆಯ ಬೇಲಿಯಾಚೆಗೆ ಕಾಲಿಟ್ಟರೆ ಯಾರ ನೆಲ ಎಂಬ ದಿನನಿತ್ಯದ ಪ್ರಶ್ನೆ. ಒಣ ಕಟ್ಟಿಗೆಯ ಹೊರೆಗಾಗಿ ಆ ಬೇಲಿಯನ್ನು ದಾಟುವವರು ಹೆಚ್ಚಾಗಿ ಹೆಂಗಸರು.

ಯಾರೂ ಕೇಳದ ಪ್ರಶ್ನೆ

2011ರ ಜನಗಣತಿಯ ಮನೆಪಟ್ಟಿಯಲ್ಲಿ ಎರಡು ಪ್ರಶ್ನೆಗಳಿದ್ದವು. ಮನೆಯಲ್ಲಿ ಸ್ನಾನದ ವ್ಯವಸ್ಥೆ ಇದೆಯೇ ಎಂಬುದು ಒಂದು. ಅಡುಗೆಗೆ ಯಾವ ಇಂಧನ ಬಳಸುತ್ತೀರಿ ಎಂಬುದು ಮತ್ತೊಂದು. ಸ್ನಾನದ ನೀರು ಯಾವುದರಿಂದ ಕಾಯುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಬಿಹಾರ, ಉತ್ತರ ಪ್ರದೇಶದ ಬಯಲುಗಳನ್ನು ಕಣ್ಣ ಮುಂದಿಟ್ಟುಕೊಂಡು ಪ್ರಶ್ನಾವಳಿ ರೂಪಿಸುವವರಿಗೆ, ವರ್ಷದ ಬಹುಪಾಲು ದಿನ ಬಿಸಿನೀರಿನಲ್ಲಿ ಮೀಯುವ ಮಲೆನಾಡಿನ ಬಚ್ಚಲು ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಪರಿಣಾಮ ಮಾತ್ರ ಸಣ್ಣದಲ್ಲ. ಲೆಕ್ಕಕ್ಕೆ ಬಾರದ ಒಲೆಗೆ ಯೋಜನೆಯೂ ಬರುವುದಿಲ್ಲ.

ಹಾಗಾದರೆ ಆ ಒಲೆ ಎಷ್ಟನ್ನು ಸುಡುತ್ತದೆ? ಶಾಲೆಯ ಭೌತಶಾಸ್ತ್ರ ಗೊತ್ತಿದ್ದರೆ ಸಾಕು, ಲೆಕ್ಕ ಸಿಗುತ್ತದೆ. ಐದು ಜನರ ಕುಟುಂಬದಲ್ಲಿ ತಲೆಗೆ 20 ಲೀಟರಿನ ಒಂದು ಬಕೆಟ್ ಎಂದುಕೊಂಡರೆ ದಿನಕ್ಕೆ 100 ಲೀಟರ್ ನೀರು. ಬಾವಿಯಿಂದ ಬರುವ 22 ಡಿಗ್ರಿಯ ನೀರನ್ನು ಮೀಯುವಷ್ಟು ಹದಕ್ಕೆ, ಅಂದರೆ 42 ಡಿಗ್ರಿಗೆ ತರಲು ಸುಮಾರು 8,400 ಕಿಲೋಜೌಲ್ ಶಾಖ ಬೇಕು. ಒಂದು ಕಿಲೋ ಒಣಗಿದ ಕಟ್ಟಿಗೆಯಲ್ಲಿ ಅಂದಾಜು 16,000 ಕಿಲೋಜೌಲ್ ಅಡಗಿದೆ. ಮೇಲ್ನೋಟಕ್ಕೆ ಅರ್ಧ ಕಿಲೋ ಕಟ್ಟಿಗೆ ಸಾಕು ಎನಿಸುತ್ತದೆ. ಆದರೆ ಬಾಯಿ ತೆರೆದ ಸಾಂಪ್ರದಾಯಿಕ ಒಲೆಯಲ್ಲಿ ಹಂಡೆಯ ನೀರಿಗೆ ತಲುಪುವ ಶಾಖ ನೂರಕ್ಕೆ ಹದಿನೈದರಷ್ಟು ಇದ್ದರೆ ಪುಣ್ಯ. ಉಳಿದದ್ದು ಹೊಗೆಯೊಂದಿಗೆ, ಗೋಡೆಯೊಳಗೆ, ಗಾಳಿಯಲ್ಲಿ ಹೋಗುತ್ತದೆ. ಹೀಗಾಗಿ ದಿನಕ್ಕೆ ಮೂರೂವರೆ ಕಿಲೋ ಬೇಕಾಗುತ್ತದೆ. ವರ್ಷಕ್ಕೆ 1,250 ಕಿಲೋಗೂ ಹೆಚ್ಚು. ನೂರು ಮನೆಗಳ ಹಳ್ಳಿಯೊಂದರಲ್ಲಿ ಸ್ನಾನಕ್ಕಾಗಿಯೇ ವರ್ಷಕ್ಕೆ 125 ಟನ್ ಕಟ್ಟಿಗೆ.

ಒಬ್ಬ ಹೆಂಗಸು ತಲೆಯ ಮೇಲೆ ಹೊತ್ತು ತರಬಲ್ಲ ಹೊರೆ 25 ಕಿಲೋ ಎಂದಿಟ್ಟುಕೊಂಡರೆ, ಒಂದು ಹೊರೆ ಒಂದು ವಾರದ ಸ್ನಾನಕ್ಕೆ ಸರಿಯಾಗುತ್ತದೆ. ವರ್ಷಕ್ಕೆ ಐವತ್ತು ಹೊರೆಗಳು. ಮಳೆಗಾಲದಲ್ಲಿ ಕಾಡಿಗೆ ಹೋಗುವಂತಿಲ್ಲವಾದ್ದರಿಂದ ಈ ಐವತ್ತೂ ಹೊರೆಗಳು ಸುಗ್ಗಿಯ ನಂತರದಿಂದ ಮೇ ತಿಂಗಳವರೆಗಿನ ಅವಧಿಯಲ್ಲೇ ಬರಬೇಕು. ಮಂಗನ ಕಾಯಿಲೆಯ ಉಣ್ಣೆಗಳು ಕಾಡಿನ ತರಗೆಲೆಗಳಲ್ಲಿ ಚುರುಕಾಗುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ, ಇದೇ ಜಿಲ್ಲೆಯ ಸಿದ್ದಾಪುರವನ್ನು 2024ರಲ್ಲಿಯೂ ಕಾಡಿತು. ಮುಂಡಗೋಡದ ಮಟ್ಟಿಗೆ ಇನ್ನೊಂದು ಭಯವೂ ಇದೆ. ಭತ್ತ ತೆನೆಗಟ್ಟುವ ಹೊತ್ತಿಗೆ ದಾಂಡೇಲಿ ಕಡೆಯ ಕಾಡಿನಿಂದ ಕಾತೂರ, ಗುಂಜಾವತಿ ಭಾಗಕ್ಕೆ ಇಳಿಯುವ ಆನೆಗಳು ಕೆಲವು ವಾರ ಇಲ್ಲಿಯೇ ಬೀಡುಬಿಡುತ್ತವೆ. ಹಂಡೆಯ ಬೆಂಕಿಗೆ ಬೆಲೆ ಕಟ್ಟುವಾಗ ಇವನ್ನೂ ಸೇರಿಸಬೇಕಲ್ಲವೇ?

ಒಲೆ ಬಂದಿತ್ತು, ಉಳಿಯಲಿಲ್ಲ

ಈ ಸಮಸ್ಯೆಗೆ ಉತ್ತರ ಹುಡುಕಿದವರು ಇರಲಿಲ್ಲವೆಂದಲ್ಲ. ಉತ್ತರ ಕರ್ನಾಟಕದಲ್ಲಿಯೇ ಹುಟ್ಟಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಇಂಧನ ಬಳಕೆಯನ್ನು ಅಳೆದ ವಿಜ್ಞಾನಿಗಳಿಗೆ, ಕಟ್ಟಿಗೆಯೇ ಹಳ್ಳಿಯ ಮುಖ್ಯ ಶಕ್ತಿಮೂಲ ಎಂಬುದು ಅಂಕಿಗಳ ಸಮೇತ ಕಂಡಿತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ರೂಪಿಸಿದ ಅಸ್ತ್ರ ಒಲೆ ರಾಜ್ಯದಲ್ಲಿ ಮನೆಮಾತಾಯಿತು. ಅದೇ ತತ್ತ್ವದ ಮೇಲೆ ಸ್ನಾನದ ನೀರಿಗೂ ಒಲೆ ಬಂತು.

ಅದರ ರಚನೆಯಲ್ಲಿ ಗುಟ್ಟೇನೂ ಇಲ್ಲ. ಕಟ್ಟಿಗೆಯನ್ನು ನೆಲದ ಮೇಲಲ್ಲ, ಕಬ್ಬಿಣದ ಜಾಲರಿಯ ಮೇಲೆ ಇಡಬೇಕು. ಗಾಳಿ ಕೆಳಗಿನಿಂದ ಬರಬೇಕು. ಒಲೆಯ ಬಾಯಿ ಕಿರಿದಾಗಿರಬೇಕು. ಹಂಡೆಯನ್ನು ಕುತ್ತಿಗೆಯವರೆಗೂ ಕಟ್ಟೆಯೊಳಗೆ ಕೂರಿಸಿ, ಅದಕ್ಕೂ ಗೋಡೆಗೂ ನಡುವೆ ಬೆರಳಗಲದ ಸಂದಿ ಬಿಟ್ಟು, ಬಿಸಿಗಾಳಿ ಆ ಸಂದಿಯಲ್ಲಿ ಹಂಡೆಯನ್ನು ಸುತ್ತಿಕೊಂಡೇ ಹೊಗೆಕೊಳವೆಗೆ ಹೋಗುವಂತೆ ಮಾಡಬೇಕು. ಮೇಲೆ ಮುಚ್ಚಳವಿರಬೇಕು. ಹಳೆಯ ಒಲೆಯಲ್ಲಿ ಜ್ವಾಲೆ ಹಂಡೆಯ ತಳವನ್ನಷ್ಟೇ ನೆಕ್ಕಿ ಹೊರಬೀಳುತ್ತದೆ. ಇಲ್ಲಿ ಹಂಡೆಯ ಮೈಯೆಲ್ಲ ಕಾಯುತ್ತದೆ. ದಕ್ಷತೆ ಶೇ 15ರಿಂದ 30ಕ್ಕೆ ಏರಿದರೂ ಸಾಕು, ಮೂರೂವರೆ ಕಿಲೋ ಕಟ್ಟಿಗೆ ಒಂದೂಮುಕ್ಕಾಲು ಕಿಲೋಗೆ ಇಳಿಯುತ್ತದೆ. ಐವತ್ತು ಹೊರೆ ಇಪ್ಪತ್ತೈದಾಗುತ್ತದೆ. ಮುಚ್ಚಳವೊಂದನ್ನು ಹಾಕಿದರೂ ಒಂದಿಷ್ಟು ಉಳಿತಾಯ ಇದ್ದೇ ಇದೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ.

ಹಾಗಿದ್ದೂ ಅದು ಎಲ್ಲೆಡೆ ಏಕೆ ನೆಲೆ ನಿಲ್ಲಲಿಲ್ಲ? ಕೇಂದ್ರ ಸರ್ಕಾರ 1983ರಲ್ಲಿ ಆರಂಭಿಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರವರೆಗೆ ನಡೆಯಿತು. ದೇಶದಾದ್ಯಂತ ಮೂರೂವರೆ ಕೋಟಿಯಷ್ಟು ಒಲೆಗಳನ್ನು ಹಾಕಲಾಯಿತೆಂಬುದು ಅಧಿಕೃತ ಲೆಕ್ಕ. ಹಾಕಿದ ಒಲೆಗಳನ್ನು ಎಣಿಸಿದವರು, ಉರಿಯುತ್ತಿರುವ ಒಲೆಗಳನ್ನು ಎಣಿಸಲಿಲ್ಲ. ಮಾರ್ಚ್ ತಿಂಗಳ ಗುರಿ ಮುಟ್ಟುವ ಆತುರದಲ್ಲಿ ಕಟ್ಟಿದ ಒಲೆಗಳಲ್ಲಿ ಅಳತೆ ತಪ್ಪಿತ್ತು. ಹೊಗೆಕೊಳವೆಯಲ್ಲಿ ಮಸಿ ಕಟ್ಟಿದಾಗ ಬಿಚ್ಚಿ ತೊಳೆಯಬೇಕೆಂದು ಹೇಳಿಕೊಟ್ಟವರು ಕಡಿಮೆ. ಕೊಳವೆ ಒಡೆದರೆ ಹೊಸದು ಸಿಗುವ ಅಂಗಡಿ ಊರಿನಲ್ಲಿರಲಿಲ್ಲ. ದೊಡ್ಡ ಕೊರಡನ್ನು ಸೀಳದೆ ಹಾಗೆಯೇ ನೂಕಲು ಬರಲೆಂದು ಮನೆಯವರು ಒಲೆಯ ಬಾಯಿಯನ್ನು ಅಗಲ ಮಾಡಿಕೊಂಡರು. ಅಲ್ಲಿಗೆ ಸುಧಾರಿತ ಒಲೆ ಹಳೆಯ ಒಲೆಯೇ ಆಯಿತು. ಆಮೇಲೆ ಬಂದ ಯೋಜನೆಗಳ ಗಮನವೆಲ್ಲ ಅಡುಗೆಯ ಒಲೆಯ ಮೇಲೆಯೇ ನಿಂತಿತು.

ಇದೇ ಅವಧಿಯಲ್ಲಿ ಸರ್ಕಾರದ ಹಣ ಹರಿದದ್ದು ಇನ್ನೊಂದು ಕಡೆಗೆ. ಸಾಮಾಜಿಕ ಅರಣ್ಯ ಯೋಜನೆ, ಬ್ರಿಟನ್ ನೆರವಿನಿಂದ 1991ರಲ್ಲಿ ಇದೇ ಜಿಲ್ಲೆಯಲ್ಲಿ ಆರಂಭವಾದ ಪಶ್ಚಿಮಘಟ್ಟ ಅರಣ್ಯ ಯೋಜನೆ, ಅದರ ಬೆನ್ನಿಗೆ 1993ರ ಜಂಟಿ ಅರಣ್ಯ ಯೋಜನೆಯ ಆದೇಶ, ಗ್ರಾಮ ಅರಣ್ಯ ಸಮಿತಿಗಳು. ಹಳ್ಳಿಗರ ಉರುವಲಿನ ಹೆಸರಿನಲ್ಲಿ ಅಕೇಶಿಯಾ ಗುಡ್ಡಗಳನ್ನು ತುಂಬಿತು. ಕಟ್ಟಿಗೆಯನ್ನು ಹೆಚ್ಚು ಬೆಳೆಯುವುದು ಸರ್ಕಾರಕ್ಕೆ ಸುಲಭವಾಯಿತು; ಕಡಿಮೆ ಸುಡುವಂತೆ ಮಾಡುವುದು ಕಷ್ಟವಾಯಿತು. ನೆಟ್ಟ ಗಿಡವನ್ನು ಸಚಿವರಿಗೆ ತೋರಿಸಬಹುದು. ಬಚ್ಚಲೊಳಗಿನ ಒಲೆಯನ್ನು ಯಾರಿಗೆ ತೋರಿಸುವುದು?

ಗೋಬರ್ ಗ್ಯಾಸ್ ಕಥೆಯೂ ಇದಕ್ಕೆ ಪೂರಕವಾಗಿದೆ. ಶಿರಸಿ, ಸಿದ್ದಾಪುರ ಭಾಗದಲ್ಲಿ ಅದು ರಾಜ್ಯಕ್ಕೇ ಮಾದರಿಯೆನ್ನುವಷ್ಟು ಹರಡಿತು. ಆದರೆ ಅಂಥ ಮನೆಗಳಲ್ಲಿಯೂ ಅನಿಲ ಹೋದದ್ದು ಅಡುಗೆಗೆ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಸೋಗೆ, ತೋಟದ ಒಣಕಟ್ಟಿಗೆ ಹಂಡೆಗೆ. ತೋಟವಿದ್ದವರಿಗೆ ಇದು ನಷ್ಟವೇನಲ್ಲ. ಎಸೆಯಬೇಕಾದ ಸಿಪ್ಪೆಯೇ ನೀರು ಕಾಯಿಸುತ್ತದೆ. ಭತ್ತ, ಗೋವಿನಜೋಳ ಬೆಳೆಯುವ ಮುಂಡಗೋಡದ ಸಣ್ಣ ಹಿಡುವಳಿದಾರನಿಗೆ ಆ ಸೌಲಭ್ಯವಿಲ್ಲ. ಅಡಿಕೆ ಈಗ ಮಳಗಿ ಕಡೆಯಿಂದ ತಾಲ್ಲೂಕಿನಲ್ಲಿ ಹಬ್ಬುತ್ತಿದೆಯಾದರೂ ಕೂಲಿಕಾರನ ಬಚ್ಚಲಿಗೆ ಸಿಪ್ಪೆ ಪುಕ್ಕಟೆಯಾಗಿ ಬರುವುದಿಲ್ಲ.

‘ಗೃಹಜ್ಯೋತಿ’ಯ ಮಿತಿ

ಸ್ವಿಚ್ ಒತ್ತಿದರೆ ನೀರು ಕಾಯುವ ಗೀಸರ್, ಬಕೆಟ್‌ಗೆ ಇಳಿಬಿಡುವ ಕಾಯಿಲ್ ಇವೆಯಲ್ಲ, ಅದೂ ವಿದ್ಯುತ್ ಪುಕ್ಕಟೆಯಾದ ಮೇಲೆ ಕಟ್ಟಿಗೆ ಏಕೆ ಎಂದು ನಗರದ ಓದುಗರು ಕೇಳಬಹುದು. ಇಲ್ಲಿಯೇ ಇರುವುದು ತೊಡಕು.

ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಿತು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬುದು ಅದರ ಜನಪ್ರಿಯ ರೂಪ. ನಿಯಮ ಹೇಳುವುದು ಬೇರೆ: 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10ರಷ್ಟು ಮಾತ್ರ ಉಚಿತ. ಹಿಂದಿನ ಬಳಕೆಯ ದಾಖಲೆಯಿಲ್ಲದ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು ಒಟ್ಟು 58 ಯೂನಿಟ್ ನಿಗದಿಪಡಿಸಲಾಯಿತು. ತೀರ ಕಡಿಮೆ ಬಳಸುವವರಿಗೆ ಶೇ 10ರ ಲೆಕ್ಕದಿಂದ ನಾಲ್ಕೈದು ಯೂನಿಟ್ ಮಾತ್ರ ಸಿಗುತ್ತದೆಂಬ ಕಾರಣಕ್ಕೆ, ಸರಾಸರಿ 48 ಯೂನಿಟ್‌ಗಿಂತ ಕೆಳಗಿದ್ದವರಿಗೆ 10 ಯೂನಿಟ್ ಹೆಚ್ಚುವರಿ ನೀಡಲು 2024ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು.

ಈಗ ಹಂಡೆಯ ಲೆಕ್ಕವನ್ನು ಯೂನಿಟ್‌ಗೆ ಬದಲಿಸಿ ನೋಡಬೇಕು. 8,400 ಕಿಲೋಜೌಲ್ ಎಂದರೆ ಎರಡೂಕಾಲು ಯೂನಿಟ್‌ಗಿಂತ ತುಸು ಹೆಚ್ಚು. ತಿಂಗಳಿಗೆ 70 ಯೂನಿಟ್. ಅಂದರೆ ಐದು ಜನರು ಒಂದೊಂದು ಬಕೆಟ್ ಬಿಸಿನೀರು ಮೀಯಲು ಬೇಕಾಗುವ ವಿದ್ಯುತ್ತು, ರಾಜ್ಯದ ಸರಾಸರಿ ಮನೆಯೊಂದು ದೀಪ, ಫ್ಯಾನ್, ಟಿ.ವಿ., ಮಿಕ್ಸರ್ ಎಲ್ಲಕ್ಕೂ ಸೇರಿ ಬಳಸುವುದಕ್ಕಿಂತ ಹೆಚ್ಚು. 40 ಯೂನಿಟ್ ಸರಾಸರಿಯ ಹಳ್ಳಿಮನೆಗೆ 50 ಯೂನಿಟ್ ಉಚಿತ. ಆ ಮನೆ ಕಾಯಿಲ್‌ಗೆ ಬದಲಾದರೆ ಬಳಕೆ 110ಕ್ಕೆ ಏರುತ್ತದೆ; 60 ಯೂನಿಟ್‌ಗೆ ಹಣ ಕಟ್ಟಬೇಕು. ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ತಿಂಗಳಿಗೆ 360 ರೂಪಾಯಿ. ಶೂನ್ಯ ಬಿಲ್ಲಿಗೆ ಒಗ್ಗಿಕೊಂಡ ಮನೆಯಲ್ಲಿ 360 ರೂಪಾಯಿಯ ಬಿಲ್ಲು ಸಣ್ಣ ವಿಷಯವಲ್ಲ.

ವಿಪರ್ಯಾಸವೆಂದರೆ, 2022–23ರಲ್ಲಿಯೇ ಗೀಸರ್ ಇಟ್ಟುಕೊಂಡಿದ್ದ ಪಟ್ಟಣದ ಮನೆಯ ಸರಾಸರಿ ಆಗಲೇ ಹೆಚ್ಚಿತ್ತು. 140 ಯೂನಿಟ್ ಬಳಸುತ್ತಿದ್ದ ಆ ಮನೆಗೆ 154 ಯೂನಿಟ್ ಪುಕ್ಕಟೆ. ಅಲ್ಲಿ ಸ್ನಾನದ ನೀರು ಸರ್ಕಾರದ ಖರ್ಚಿನಲ್ಲಿ ಕಾಯುತ್ತದೆ. ಆಗ ಕಟ್ಟಿಗೆ ಉರಿಸುತ್ತಿದ್ದ ಮನೆ ಈಗಲೂ ಕಟ್ಟಿಗೆಯನ್ನೇ ಉರಿಸಬೇಕು, ಇಲ್ಲವೇ ಹಣ ಕಟ್ಟಬೇಕು. ಯೋಜನೆ ರೂಪಿಸಿದವರ ಉದ್ದೇಶ ಇದಾಗಿರಲಿಕ್ಕಿಲ್ಲ. ದುರ್ಬಳಕೆ ತಡೆಯುವುದಕ್ಕೆ ಹಾಕಿದ ಮಿತಿ ಅದು. ಆದರೆ ಆ ಮಿತಿ ಯಾರ ಬಚ್ಚಲಿಗೆ ಅಡ್ಡ ನಿಂತಿದೆ ಎಂಬುದನ್ನು ನೋಡಿದರೆ ಸಮರ್ಥಿಸುವುದು ಕಷ್ಟ.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕಾಡಂಚಿನ ಊರಿಗೆ ವಿದ್ಯುತ್ ಮರಳುವುದು ಯಾವಾಗ ಎಂಬುದು ಬೇರೆ ಮಾತು. ಒದ್ದೆ ನೆಲದ ಬಚ್ಚಲಿನಲ್ಲಿ ಅಗ್ಗದ ಕಾಯಿಲ್ ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಿಲ್ಲ.

ಅಡುಗೆ ಅನಿಲದಲ್ಲಿ ನೀರು ಕಾಯಿಸುವ ಮಾತೂ ಬರುತ್ತದೆ. ಅದೇ ಶಾಖಕ್ಕೆ ದಿನಕ್ಕೆ 300 ಗ್ರಾಂ ಅನಿಲ ಬೇಕು. 14.2 ಕಿಲೋ ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ. ವರ್ಷಕ್ಕೆ ಎಂಟು ಸಿಲಿಂಡರ್. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಡಿ 2025–26ಕ್ಕೆ ಸಹಾಯಧನ ಸಿಗುವುದು ವರ್ಷಕ್ಕೆ ಒಂಬತ್ತು ಸಿಲಿಂಡರ್‌ಗೆ. ಸ್ನಾನ ಮುಗಿದರೆ ಅಡುಗೆಗೆ ಉಳಿಯುವುದು ಒಂದೇ! ಫಲಾನುಭವಿಗಳು ಸರಾಸರಿ ವರ್ಷಕ್ಕೆ ನಾಲ್ಕೈದು ಸಿಲಿಂಡರ್ ತುಂಬಿಸಿಕೊಳ್ಳುತ್ತಿರುವಾಗ ಈ ದಾರಿ ಯೋಚಿಸುವಂಥದ್ದೂ ಅಲ್ಲ.

ಬಿಸಿಲಿದೆ, ಮೇಲಿನ ಟ್ಯಾಂಕ್ ಇಲ್ಲ

ಉಳಿದದ್ದು ಸೂರ್ಯ. ಸೌರ ಜಲತಾಪಕದಲ್ಲಿ ಕರ್ನಾಟಕ ದೇಶಕ್ಕೇ ಮುಂದೆ. ಬೆಂಗಳೂರಿನ ತಾರಸಿಗಳೇ ಸಾಕ್ಷಿ. 2007ರಲ್ಲಿ ರಾಜ್ಯ ಸರ್ಕಾರ ನಿಗದಿತ ಅಳತೆಗಿಂತ ದೊಡ್ಡದಾದ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಅಳವಡಿಸಿಕೊಂಡವರಿಗೆ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನೂ ನೀಡಲಾಯಿತು. ಎರಡು ಚದರ ಮೀಟರ್ ಫಲಕದ 100 ಲೀಟರ್ ಉಪಕರಣ ಒಳ್ಳೆಯ ಬಿಸಿಲಿದ್ದ ದಿನ ನೀರನ್ನು 60 ಡಿಗ್ರಿಗೆ ತರುತ್ತದೆ. ಅಷ್ಟೇ ತಣ್ಣೀರು ಬೆರೆಸಿದರೆ ಐದಲ್ಲ, ಎಂಟು-ಹತ್ತು ಜನರು ಮೀಯಬಹುದು. ವರ್ಷಕ್ಕೆ 1,500 ಯೂನಿಟ್ ವಿದ್ಯುತ್ ಉಳಿತಾಯವೆಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹೇಳುತ್ತ ಬಂದಿದೆ.

ಹಳ್ಳಿಗೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಪಂಪ್ ಇಲ್ಲದೆ, ಬಿಸಿನೀರು ತಾನಾಗಿ ಮೇಲೇರುವ ಗುಣದಿಂದಲೇ ನಡೆಯುವ ಉಪಕರಣವಿದು. ಫಲಕದ ಮೇಲೆ ಬಿಸಿನೀರಿನ ತೊಟ್ಟಿ, ಅದಕ್ಕಿಂತ ಎತ್ತರದಲ್ಲಿ ತಣ್ಣೀರಿನ ಟ್ಯಾಂಕ್ ಇರಬೇಕು. ಹಂಚಿನ ಇಳಿಜಾರು ಮಾಡಿನ ಮನೆಯಲ್ಲಿ ಆ ಟ್ಯಾಂಕ್ ಎಲ್ಲಿ? ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಜಲ ಜೀವನ ಮಿಷನ್ ನಳಗಳು ಬಂದಿವೆಯಾದರೂ, ಅಂಗಳದಲ್ಲಿ ಮೊಣಕಾಲೆತ್ತರಕ್ಕೆ ನಿಂತ ನಳದ ನೀರು ಮಾಡಿನ ಮೇಲಕ್ಕೆ ಏರುವುದಿಲ್ಲ. ಹೀಗಾಗಿ ಉಪಕರಣದ ಬೆಲೆಯ ಜೊತೆಗೆ ಕಬ್ಬಿಣದ ಅಟ್ಟಣಿಗೆ, ಟ್ಯಾಂಕ್, ಕೊಳವೆ, ಕೆಲವೆಡೆ ಸಣ್ಣ ಮೋಟಾರ್ ಕೂಡ ಸೇರಿಕೊಳ್ಳುತ್ತದೆ. ಗಾಜಿನ ನಳಿಕೆಗಳ ಅಗ್ಗದ ಮಾದರಿ ಕೊಂಡರೆ ಮಂಗಗಳ ಚಿಂತೆ. ಗಟ್ಟಿ ಫಲಕದ ಮಾದರಿ ಕೊಂಡರೆ ಹಣದ ಚಿಂತೆ. ಕೊಳವೆಬಾವಿಯ ಗಡಸು ನೀರು ಕೆಲವೇ ವರ್ಷಗಳಲ್ಲಿ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಅದನ್ನು ತೊಳೆಯಬಲ್ಲ ಕುಶಲಕರ್ಮಿ ಹುಬ್ಬಳ್ಳಿಯಿಂದಲೋ ಶಿರಸಿಯಿಂದಲೋ ಬರಬೇಕಾದರೆ ಉಪಕರಣ ಮೂಲೆಗುಂಪಾಗುತ್ತದೆ.

ಇದಕ್ಕೂ ಮಿಗಿಲಾದದ್ದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಸಿನೀರು ಅತ್ಯಂತ ಬೇಕೆನಿಸುವ ದಿನಗಳಲ್ಲಿಯೇ ಸೌರಫಲಕ ಕೈಕೊಡುತ್ತದೆ. ಸಿದ್ದಾಪುರ, ಯಲ್ಲಾಪುರಗಳಿಗೆ ಹೋಲಿಸಿದರೆ ಮುಂಡಗೋಡಕ್ಕೆ ಮಳೆ ಕಡಿಮೆ, ಬಿಸಿಲು ಹೆಚ್ಚು; ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಸೌರಶಕ್ತಿಗೆ ಹೇಳಿ ಮಾಡಿಸಿದ ಜಾಗ ಹಳಿಯಾಳದ ಜೊತೆಗೆ ಇದೇ. ಆದರೂ ನಾಲ್ಕು ತಿಂಗಳು ಒಲೆ ಬೇಕೇ ಬೇಕು. ಮಳೆಗಾಲದ ಬಚ್ಚಲ ಒಲೆ ನೀರನ್ನಷ್ಟೇ ಕಾಯಿಸುವುದಿಲ್ಲ. ಒಣಗದ ಬಟ್ಟೆ, ಮಕ್ಕಳ ಶಾಲಾ ಸಮವಸ್ತ್ರ, ಕಂಬಳಿ ಎಲ್ಲವೂ ಅದರ ಸುತ್ತ ತೂಗುತ್ತಿರುತ್ತವೆ. ಒಲೆಯನ್ನು ಕಿತ್ತುಹಾಕಿ ಎಂದು ಉಪದೇಶಿಸುವವರು ಒಂದು ಆಷಾಢವನ್ನು ಇಲ್ಲಿ ಕಳೆದು ನೋಡಬೇಕು.

ಹಾಗಾದರೆ ಯಾವುದು ಮೊದಲು? ಅಂಕಿಗಳು ಸಾಕಷ್ಟು ಸ್ಪಷ್ಟವಾಗಿವೆ. ಹಳೆಯ ಒಲೆಯ ಮನೆ ವರ್ಷಕ್ಕೆ 1,250 ಕಿಲೋ ಸುಡುತ್ತದೆ. ಎಂಟು ತಿಂಗಳು ಸೌರ ಜಲತಾಪಕ, ಮಳೆಗಾಲಕ್ಕೆ ಹಳೆಯ ಒಲೆ ಎಂದಾದರೆ ಅದು 420 ಕಿಲೋಗೆ ಇಳಿಯುತ್ತದೆ. ಸೌರ ಉಪಕರಣವಿಲ್ಲದೆ ಒಲೆಯನ್ನಷ್ಟೇ ಸುಧಾರಿಸಿದರೆ 640 ಕಿಲೋ. ಎರಡೂ ಇದ್ದರೆ 210. ಸೌರ ಉಪಕರಣಕ್ಕೆ ಮಾದರಿಯನ್ನು ಅವಲಂಬಿಸಿ ಹದಿನೈದರಿಂದ ಮೂವತ್ತು ಸಾವಿರ ರೂಪಾಯಿ, ಮೇಲೆ ಟ್ಯಾಂಕ್‌ನ ಖರ್ಚು. ಇಟ್ಟಿಗೆ, ಮಣ್ಣು, ಜಾಲರಿ, ಕೊಳವೆ ಸೇರಿದ ಒಲೆಗೆ ಅದರ ಒಂದು ಸಣ್ಣ ಪಾಲು ಸಾಕು. ಸುಧಾರಿತ ಒಲೆಯಿಂದ ಆರಂಭಿಸಿ, ನೀರು-ಮಾಡು-ಹಣದ ಅನುಕೂಲವಿದ್ದ ಮನೆಗಳಿಗೆ ಸೌರ ಉಪಕರಣವನ್ನು ಸೇರಿಸುವುದೇ ವಿವೇಕದ ಕ್ರಮ. ಸರ್ಕಾರದ ಒಲವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಸೌರ ಜಲತಾಪಕಕ್ಕೆ ಕೇಂದ್ರ ನೀಡುತ್ತಿದ್ದ ಸಹಾಯಧನ 2014ರಲ್ಲಿ ನಿಂತುಹೋಯಿತು. 2024ರ ಫೆಬ್ರುವರಿಯಲ್ಲಿ ಆರಂಭವಾದ ಸೂರ್ಯಘರ್ ಯೋಜನೆ ವಿದ್ಯುತ್ ಉತ್ಪಾದಿಸುವ ಫಲಕಗಳಿಗೆ 78,000 ರೂಪಾಯಿವರೆಗೆ ನೆರವು ಕೊಡುತ್ತದೆ. ನೀರು ಕಾಯಿಸುವ ಫಲಕ ಅದರಲ್ಲಿಲ್ಲ. ಗೃಹಜ್ಯೋತಿಯ ಶೂನ್ಯ ಬಿಲ್ಲು ಪಡೆಯುವ ಮನೆಗೆ ಬಿಲ್ಲಿನ 50 ರೂಪಾಯಿ ರಿಯಾಯಿತಿಯಿಂದ ಆಗುವ ಲಾಭವೂ ಶೂನ್ಯವೇ.

ಸಾಲ ಮತ್ತು ಹಕ್ಕುಪತ್ರ

ಸಹಾಯಧನವಿಲ್ಲದಿದ್ದರೂ ಸಾಲದಿಂದ ಸೌರಶಕ್ತಿ ಹಳ್ಳಿಗೆ ಬರಬಲ್ಲದು ಎಂಬುದನ್ನು ಕರ್ನಾಟಕವೇ ತೋರಿಸಿಕೊಟ್ಟಿದೆ. ಹರೀಶ್ ಹಂದೆ 1995ರಲ್ಲಿ ಸಹಸ್ಥಾಪಿಸಿದ ಸೆಲ್ಕೊ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಮೂಲಕ ಬಡವರ ಮನೆಗಳಿಗೆ ಸೌರದೀಪ ತಲುಪಿಸಿದ ಬಗೆಗೆ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಕೂಲಿಕಾರನ ಕೈಗೆ ಹಣ ಬರುವ ಕ್ರಮಕ್ಕೆ ಹೊಂದುವಂತೆ ಕಂತು ಇರಬೇಕು, ದುರಸ್ತಿ ಮಾಡುವವನು ಹತ್ತಿರವಿರಬೇಕು ಎಂಬುದು ಆ ಅನುಭವದ ತಿರುಳು. ಧಾರವಾಡ ಕೇಂದ್ರವಾಗಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ ತಿಂಗಳಿನಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ವಿಲೀನಗೊಂಡಿದೆ. ಹಳ್ಳಿಯ ಶಾಖೆಯ ಬಾಗಿಲು ಹಿಂದಿನಂತೆಯೇ ತೆರೆದಿರುತ್ತದೆಯೇ ಎಂಬುದನ್ನು ಕಾದು ನೋಡಬೇಕು.

ಆದರೆ ಮುಂಡಗೋಡದಲ್ಲಿ ಸಾಲದ ದಾರಿಯೂ ಒಂದು ಕಡೆ ನಿಂತುಬಿಡುತ್ತದೆ. ಅರಣ್ಯಭೂಮಿಯಲ್ಲಿ ತಲೆಮಾರುಗಳಿಂದ ಉಳುತ್ತ ಬಂದ ಕುಟುಂಬಗಳು ಇಲ್ಲಿ ಸಾಕಷ್ಟಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಜಿಲ್ಲೆಯಲ್ಲಿ ಸಲ್ಲಿಸಿದ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾಗಿವೆ. ಮೂರು ತಲೆಮಾರಿನ ದಾಖಲೆ ತರಬೇಕಾದ ಬುಡಕಟ್ಟೇತರರ ಪಾಡು ಇನ್ನೂ ಕಷ್ಟ. ನೆಲದ ಪತ್ರವಿಲ್ಲದ ಮನೆಗೆ ಸಾಲ ಕಷ್ಟ, ಪಕ್ಕಾ ಮಾಡು ಕಷ್ಟ, ಟ್ಯಾಂಕ್‌ಗೆ ಅಟ್ಟಣಿಗೆ ಕಟ್ಟುವ ಧೈರ್ಯವೂ ಕಷ್ಟ. ಕಾಡನ್ನು ಅತಿಯಾಗಿ ಬಳಸುತ್ತಾರೆಂಬ ಆಪಾದನೆಗೆ ಮೊದಲು ಗುರಿಯಾಗುವವರು ಇವರೇ. ಕಡಿಮೆ ಬಳಸಲು ಬೇಕಾದ ಸಾಧನ ಕೊನೆಗೆ ತಲುಪುವುದೂ ಇವರಿಗೇ. ಹಾಗೆ ನೋಡಿದರೆ ಇಟ್ಟಿಗೆ-ಮಣ್ಣಿನ ಒಲೆಗೆ ಹಕ್ಕುಪತ್ರ ಬೇಕಿಲ್ಲ ಎಂಬುದು ಅದರ ಇನ್ನೊಂದು ಗುಣ.

ಸಾಮೂಹಿಕ ವಸತಿಗಳ ಮಾತು ಬೇರೆ. 1966ರಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರದ ಡ್ರೆಪುಂಗ್, ಗಾಡೆನ್ ಮಠಗಳಲ್ಲಿ ಸಾವಿರಾರು ಭಿಕ್ಷುಗಳಿದ್ದಾರೆ. ಸರ್ಕಾರಿ ವಸತಿನಿಲಯಗಳೂ ತಾಲ್ಲೂಕಿನಲ್ಲಿವೆ. ಸಮತಟ್ಟಾದ ತಾರಸಿ, ಎತ್ತರದ ಟ್ಯಾಂಕ್, ನೋಡಿಕೊಳ್ಳಲು ಸಿಬ್ಬಂದಿ ಇರುವ ಇಂಥ ಕಟ್ಟಡಗಳಿಗೆ ಸೌರ ಬಿಸಿನೀರು ಎಲ್ಲ ರೀತಿಯಿಂದಲೂ ಲಾಭದಾಯಕ. ಇವು ಜೀವಂತವಾಗಿದ್ದರೆ ದುರಸ್ತಿ ಮಾಡುವ ಕುಶಲಕರ್ಮಿಗೆ ಮುಂಡಗೋಡದಲ್ಲಿಯೇ ವರ್ಷವಿಡೀ ಕೆಲಸ ಸಿಗುತ್ತದೆ. ಅವನು ಇಲ್ಲಿ ನೆಲೆಸಿದರೆ ಹಳ್ಳಿಯ ಮನೆಗಳ ಕರೆಗೂ ಒದಗುತ್ತಾನೆ. ದೊಡ್ಡ ಸಂಸ್ಥೆಗಳಿಂದ ಹಳ್ಳಿಗೆ ಆಗಬಹುದಾದ ಉಪಕಾರ ಇದು.

ಒಲೆ ಕಟ್ಟುವ ಕೆಲಸಕ್ಕೂ ಅಂಥದೇ ಒಬ್ಬರು ಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇಬ್ಬರು ಗಾರೆ ಕೆಲಸದವರಿಗೆ ಅಳತೆ ಹೇಳಿಕೊಟ್ಟು, ಕಟ್ಟಿದ ದಿನ ಅರ್ಧ ಹಣ, ಮುಂದಿನ ದೀಪಾವಳಿಗೆ ಒಲೆ ಉರಿಯುತ್ತಿದ್ದರೆ ಉಳಿದ ಅರ್ಧ ಎಂದು ನಿಯಮ ಮಾಡಿದರೆ, ಹಿಂದಿನ ಕಾರ್ಯಕ್ರಮ ಸೋತ ಜಾಗದಲ್ಲಿಯೇ ಇದು ಗೆಲ್ಲಬಹುದು. ದೀಪಾವಳಿ ಎಂದದ್ದು ಸುಮ್ಮನೆ ಅಲ್ಲ. ನೀರು ತುಂಬುವ ಹಬ್ಬದ ಸಂಜೆ ಪ್ರತಿ ಮನೆಯಲ್ಲೂ ಹಂಡೆಯನ್ನು ಹೊರತೆಗೆದು ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯುತ್ತಾರೆ. ಆಗ ಒಲೆಯ ಒಳಭಾಗ ಕಣ್ಣಿಗೆ ಬೀಳುತ್ತದೆ. ಜಾಲರಿ ಬಾಗಿದೆಯೇ, ಕೊಳವೆಯಲ್ಲಿ ಮಸಿ ಕಟ್ಟಿದೆಯೇ, ಬಾಯಿ ಅಗಲವಾಗಿದೆಯೇ ಎಂದು ನೋಡಲು ಪಂಚಾಯಿತಿಯವರು ಹೋಗಬೇಕಾದ ದಿನ ಅದು.